ಎನ್‌ಬಿಎ ಆಟಗಾರರ ಬಹುಜನಾಂಗೀಯತೆ: ಪಾಸ್‌ಪೋರ್ಟ್ ಲೆಕ್ಕ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ?

ಅಂಗಳದಾಚೆ (ಚರ್ಚೆಯ ಆರಂಭ):

2024-25ರ ಋತು ಶುರುವಾದ ದಿನ ತಂಡಗಳ ಪಟ್ಟಿಯಲ್ಲಿ 43 ದೇಶಗಳ 125 ವಿದೇಶಿ ಆಟಗಾರರು ಇದ್ದರೆಂದು ಉತ್ತರ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗು ಎನ್‌ಬಿಎ ಪ್ರಕಟಿಸಿತ್ತು. ಲೀಗಿನಲ್ಲಿ 30 ತಂಡಗಳಿವೆ, ಪ್ರತಿ ತಂಡಕ್ಕೆ 15 ಖಾಯಂ ಸ್ಥಾನಗಳು ಮತ್ತು ಮೂರು ಟೂ-ವೇ (ಎನ್‌ಬಿಎ ಮತ್ತು ಅದರ ಕಿರಿಯ ಲೀಗು ಎರಡರಲ್ಲೂ ಆಡುವ) ಒಪ್ಪಂದಗಳಿವೆ ಎಂದು ಹಿಡಿದರೆ, ಸುಮಾರು ನಾಲ್ವರಲ್ಲಿ ಒಬ್ಬ ಅಮೆರಿಕದ ಹೊರಗಿನವನು ಎಂದಾಯಿತು. ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಕತೆ ಇನ್ನೂ ಸ್ಪಷ್ಟವಾಗಿದೆ. 2018ರಲ್ಲಿ ಜೇಮ್ಸ್ ಹಾರ್ಡನ್ ಗೆದ್ದ ಮೇಲೆ 2025ರವರೆಗೆ ಒಬ್ಬ ಅಮೆರಿಕನ್ನನಿಗೂ ಅದು ದಕ್ಕಲಿಲ್ಲ. ಗ್ರೀಸಿನ ಯಾನಿಸ್ ಆಂಟೆಟೊಕುಂಪೊ ಎರಡು ಬಾರಿ, ಸರ್ಬಿಯಾದ ನಿಕೊಲಾ ಯೊಕಿಚ್ ಮೂರು ಬಾರಿ, ಕ್ಯಾಮರೂನಿನಲ್ಲಿ ಹುಟ್ಟಿದ ಜೊಯೆಲ್ ಎಂಬೀಡ್ ಮತ್ತು ಕೆನಡಾದ ಶೇ ಗಿಲ್ಜಸ್-ಅಲೆಕ್ಸಾಂಡರ್ ಒಂದೊಂದು ಬಾರಿ ಅದನ್ನು ಕೊಂಡೊಯ್ದಿದ್ದಾರೆ.

ಈ ಅಂಕಿಗಳನ್ನು ಮುಂದಿಟ್ಟು ಬ್ಯಾಸ್ಕೆಟ್‌ಬಾಲ್ ಈಗ ಜಗತ್ತಿನ ಎಲ್ಲ ಜನಾಂಗಗಳ ಆಟವಾಗಿದೆ ಎಂದು ಬರೆಯುವವರು ಬಹಳ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಆಟಗಾರನ ರಾಷ್ಟ್ರೀಯತೆ ಬೇರೆ, ಅವನ ಜನಾಂಗ ಬೇರೆ. ಒಂದನ್ನು ಎಣಿಸಿ ಇನ್ನೊಂದರ ಬಗ್ಗೆ ತೀರ್ಮಾನ ಹೇಳಲಾಗದು. ಲೀಗಿನ ಆಟಗಾರರಲ್ಲಿ ಶೇ 70ಕ್ಕಿಂತ ಹೆಚ್ಚು ಮಂದಿ ಕಪ್ಪುವರ್ಣೀಯರು ಎನ್ನುವುದು ದಶಕಗಳಿಂದ ಹೆಚ್ಚು ಬದಲಾಗಿಲ್ಲ, ಆದರೆ ಅದೇ ಅವಧಿಯಲ್ಲಿ ವಿದೇಶಿಯರ ಸಂಖ್ಯೆ ಇಪ್ಪತ್ತರ ಆಸುಪಾಸಿನಿಂದ ನೂರು ದಾಟಿದೆ. ನ್ಯೂಜೆರ್ಸಿಯಲ್ಲಿ ಹುಟ್ಟಿ, ತಾಯಿಯ ಕಡೆಯಿಂದ ಡೊಮಿನಿಕನ್ ಗಣರಾಜ್ಯದ ಪರ ಆಡುವ ಕಾರ್ಲ್-ಆಂಥನಿ ಟೌನ್ಸ್ ಯಾವ ಪಟ್ಟಿಗೆ ಸೇರಬೇಕು? ಮೆಲ್ಬರ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟ ಕೈರಿ ಇರ್ವಿಂಗ್?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಆಟದಲ್ಲಿ ಯಾರು ಕಾಣಿಸಿಕೊಂಡರು, ಯಾರು ಕಾಣಿಸಿಕೊಳ್ಳಲಿಲ್ಲ ಎಂಬುದನ್ನು ರಕ್ತಗುಣವಾಗಲಿ ಲೀಗಿನ ಔದಾರ್ಯವಾಗಲಿ ನಿರ್ಧರಿಸಿಲ್ಲ. ಯಾವ ಕಾಲದಲ್ಲಿ ಯಾವ ನಿಯಮ ಸಡಿಲವಾಯಿತು, ಯಾರ ಮನೆಯ ಹತ್ತಿರ ತರಬೇತಿಯ ಅಂಗಳ ಇತ್ತು ಎಂಬುದೇ ಅದನ್ನು ನಿರ್ಧರಿಸಿದೆ. ಒಪ್ಪದವರು ದಯವಿಟ್ಟು ಉದಾಹರಣೆಯೊಂದಿಗೆ ಬರೆಯಿರಿ.

ಹಳೆಯಪುಟ:

ಒಪ್ಪುತ್ತೇನೆ. ಆದರೆ ನೀವು ಕತೆಯನ್ನು ಬಹಳ ತಡವಾಗಿ ಶುರು ಮಾಡಿದ್ದೀರಿ. ಎನ್‌ಬಿಎಗೆ ಮೂಲವಾದ ಬಿಎಎ ಲೀಗಿನ ಮೊಟ್ಟಮೊದಲ ಪಂದ್ಯ 1946ರ ನವೆಂಬರ್ 1ರಂದು ನಡೆದದ್ದು ಅಮೆರಿಕದಲ್ಲೇ ಅಲ್ಲ, ಟೊರಾಂಟೊದಲ್ಲಿ. ಆ ಲೀಗಿನ ಮೊದಲ ಬುಟ್ಟಿ ಹಾಕಿದವನು ನ್ಯೂಯಾರ್ಕ್ ನಿಕ್ಸ್‌ನ ಆಸಿ ಶೆಕ್ಟ್‌ಮನ್ ಎಂಬ ಯಹೂದಿ ಆಟಗಾರ. ಎದುರಾಳಿ ಟೊರಾಂಟೊ ಹಸ್ಕೀಸ್ ತಂಡದಲ್ಲಿ ಇಟಲಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಹ್ಯಾಂಕ್ ಬಿಯಾಸಾಟಿ ಇದ್ದ. ಅಂದರೆ ಲೀಗು ಹುಟ್ಟಿದ ವರ್ಷವೇ ಅದರಲ್ಲಿ ವಿದೇಶಿ ಆಟಗಾರನಿಗೆ ಜಾಗವಿತ್ತು, ಕಪ್ಪು ಅಮೆರಿಕನ್ನನಿಗೆ ಇರಲಿಲ್ಲ. ಈ ಒಂದು ಸಂಗತಿಯೇ ನೀವು ಹೇಳಿದ ಎರಡು ಲೆಕ್ಕಗಳು ಬೇರೆಬೇರೆ ಎಂಬುದಕ್ಕೆ ಸಾಕು.

ಮರುವರ್ಷ ನಿಕ್ಸ್ ತಂಡ ವಾಟಾರು ಮಿಸಾಕಾನನ್ನು ಸೇರಿಸಿಕೊಂಡಿತು. ಯೂಟಾದ ಆಗ್ಡೆನ್‌ನಲ್ಲಿ ಜಪಾನಿ ವಲಸಿಗರ ಮಗನಾಗಿ ಹುಟ್ಟಿದ ಈ ಐದು ಅಡಿ ಏಳು ಅಂಗುಲದ ಗಾರ್ಡ್ (ಚೆಂಡನ್ನು ಮುನ್ನಡೆಸುವ ಆಟಗಾರ), 1944ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಎನ್‌ಸಿಎಎ (ಅಮೆರಿಕದ ಅಂತರ-ಕಾಲೇಜು) ಪ್ರಶಸ್ತಿ ಗೆದ್ದುಕೊಟ್ಟ ತಂಡದಲ್ಲಿದ್ದ. ಅದೇ ಹೊತ್ತಿಗೆ ಅದೇ ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲಿ ಸಾವಿರಾರು ಜಪಾನಿ-ಅಮೆರಿಕನ್ನರನ್ನು ಸರ್ಕಾರ ಮುಳ್ಳುತಂತಿಯ ಹಿಂದೆ ಕೂಡಿಹಾಕಿತ್ತು. ಆಮೇಲೆ ಅವನು ಅಮೆರಿಕದ ಸೈನ್ಯಕ್ಕೆ ಸೇರಿ, ಬಾಂಬು ಬಿದ್ದ ಹಿರೋಷಿಮಾಕ್ಕೆ ಹೋಗಿ ಬದುಕುಳಿದವರನ್ನು ಮಾತನಾಡಿಸುವ ಕೆಲಸ ಮಾಡಿ, ಊರಿಗೆ ಮರಳಿ 1947ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೆಂಟಕಿಯನ್ನು ಸೋಲಿಸಿದ ತಂಡದಲ್ಲೂ ಆಡಿದ. ನಿಕ್ಸ್ ಪರ ಅವನು ಆಡಿದ್ದು ಮೂರೇ ಪಂದ್ಯ. ತಂಡ ಅವನನ್ನು ಕೈಬಿಟ್ಟಿತು; ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡುವ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕರೆದರೂ ಹೋಗದೆ, ಯೂಟಾಕ್ಕೆ ಹಿಂದಿರುಗಿ ಎಂಜಿನಿಯರ್ ಆದ. ಬಿಳಿಯರಲ್ಲದವರಲ್ಲಿ ಆ ಲೀಗಿಗೆ ಮೊದಲು ಕಾಲಿಟ್ಟವನು ಇವನು ಎಂಬುದು ಎಷ್ಟೋ ದಿನ ಯಾರಿಗೂ ನೆನಪಿರಲಿಲ್ಲ.

ಕಪ್ಪುವರ್ಣೀಯರ ಸರದಿ ಬಂದದ್ದು 1950ರಲ್ಲಿ. ಬೋಸ್ಟನ್ ಸೆಲ್ಟಿಕ್ಸ್ ಚಕ್ ಕೂಪರ್‌ನನ್ನು ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) ಆರಿಸಿತು, ನಿಕ್ಸ್ ತಂಡ ಗ್ಲೋಬ್‌ಟ್ರಾಟರ್ಸ್‌ನಿಂದ ನ್ಯಾಟ್ ಕ್ಲಿಫ್ಟನ್‌ನನ್ನು ತಂದಿತು, ವಾಷಿಂಗ್ಟನ್ ಕ್ಯಾಪಿಟಲ್ಸ್ ಅರ್ಲ್ ಲಾಯ್ಡ್‌ನನ್ನು ತೆಗೆದುಕೊಂಡಿತು. ಅಕ್ಟೋಬರ್ 31ರಂದು ರಾಚೆಸ್ಟರಿನಲ್ಲಿ ಮೊದಲು ಅಂಗಳಕ್ಕಿಳಿದವನು ಲಾಯ್ಡ್. ಅದಕ್ಕೆ ಕಾರಣ ಇಷ್ಟೇ: ಅವನ ತಂಡದ ವೇಳಾಪಟ್ಟಿ ಉಳಿದವರಿಗಿಂತ ಒಂದು ದಿನ ಮೊದಲು ಶುರುವಾಗುತ್ತಿತ್ತು. ಅದಕ್ಕೂ ಮೊದಲೇ, 1939ರಲ್ಲಿ, ಸಂಪೂರ್ಣ ಕಪ್ಪುವರ್ಣೀಯರ ನ್ಯೂಯಾರ್ಕ್ ರೆನ್ಸ್ ತಂಡ ಷಿಕಾಗೊದಲ್ಲಿ ನಡೆದ ವೃತ್ತಿಪರರ ವಿಶ್ವ ಪಂದ್ಯಾವಳಿಯನ್ನು ಗೆದ್ದಿತ್ತು. ಆದ್ದರಿಂದ ಆಡಬಲ್ಲವರು ಇಲ್ಲ ಎಂಬ ಮಾತಿಗೆ ಅವತ್ತೂ ಆಧಾರ ಇರಲಿಲ್ಲ. ಬಾಗಿಲು ತೆರೆದ ಮೇಲೂ ಒಂದು ತಂಡಕ್ಕೆ ಇಷ್ಟೇ ಕಪ್ಪು ಆಟಗಾರರು ಎಂಬ ಬರೆಯದ ಮಿತಿ ಬಹುಕಾಲ ನಡೆಯಿತು. ಸೆಲ್ಟಿಕ್ಸ್ ಐವರು ಕಪ್ಪುವರ್ಣೀಯರನ್ನು ಒಟ್ಟಿಗೆ ಮೊದಲ ಐವರಾಗಿ ಕಣಕ್ಕಿಳಿಸಿದ್ದು 1964ರ ಡಿಸೆಂಬರಿನಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1961ರಲ್ಲಿ, ಕೆಂಟಕಿಯ ಲೆಕ್ಸಿಂಗ್ಟನ್ನಿನ ಹೋಟೆಲ್ಲೊಂದು ಊಟ ಕೊಡಲು ನಿರಾಕರಿಸಿದಾಗ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಮತ್ತು ಜೊತೆಗಾರರು ಪ್ರದರ್ಶನ ಪಂದ್ಯವನ್ನೇ ಬಿಟ್ಟು ವಿಮಾನ ಹತ್ತಿದ್ದರು.

ಲೆಕ್ಕಿಗ:

ಇತಿಹಾಸಕ್ಕೆ ಧನ್ಯವಾದ. ಆದರೆ ವಿದೇಶಿಯರ ಏರಿಕೆಯನ್ನು ವಿವರಿಸಲು ಹಣದ ಕಡೆ ನೋಡದೆ ಆಗದು.

1980ರ ದಶಕದ ಕೊನೆಯವರೆಗೂ ಪೂರ್ವ ಯುರೋಪಿನ ಒಳ್ಳೆಯ ಆಟಗಾರ ಎನ್‌ಬಿಎ ಸೇರಿದರೆ ತನ್ನ ದೇಶದ ಪರ ಆಡುವ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ಅವನನ್ನು ಕಳಿಸಿಕೊಡಲು ಅವನ ಸರ್ಕಾರವೂ ಒಪ್ಪುತ್ತಿರಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾ ಎನ್‌ಬಿಎ ಆಟಗಾರರಿಗೂ ತನ್ನ ಟೂರ್ನಿಗಳನ್ನು ತೆರೆಯಿತು. ಅದೇ ವರ್ಷ ಯುಗೊಸ್ಲಾವಿಯಾದಿಂದ ವ್ಲಾಡೆ ಡಿವಾಚ್ ಮತ್ತು ದ್ರಾಜೆನ್ ಪೆಟ್ರೊವಿಚ್, ಸೋವಿಯತ್ ಒಕ್ಕೂಟದಿಂದ ಲಿಥುವೇನಿಯಾದ ಶರೂನಾಸ್ ಮಾರ್ಚುಲಿಯೊನಿಸ್ ಅಮೆರಿಕಕ್ಕೆ ಬಂದಿಳಿದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಎನ್‌ಬಿಎ ತಾರೆಯರಿದ್ದ ಅಮೆರಿಕದ ‘ಡ್ರೀಮ್ ಟೀಮ್’ ನೋಡಿ ಜಗತ್ತು ಬ್ಯಾಸ್ಕೆಟ್‌ಬಾಲ್ ಕಲಿಯಿತು ಎಂಬ ಜನಪ್ರಿಯ ಕತೆ ನನಗೆ ಅರ್ಧಸತ್ಯವಾಗಿ ಕಾಣುತ್ತದೆ. ಯುಗೊಸ್ಲಾವಿಯಾ ಮತ್ತು ಸೋವಿಯತ್ ಒಕ್ಕೂಟ ಅದಕ್ಕೂ ಎಷ್ಟೋ ಮೊದಲು ವಿಶ್ವ ಚಾಂಪಿಯನ್ನರಾಗಿದ್ದವು. ಅವರಿಗೆ ಆಟ ಮೊದಲೇ ಬರುತ್ತಿತ್ತು. ಹೊರಗೆ ಹೋಗಲು ಅನುಮತಿ ಇರಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ. ಯುರೋಪಿನ ಕ್ಲಬ್ಬುಗಳು ಹತ್ತು-ಹನ್ನೆರಡು ವರ್ಷದ ಮಕ್ಕಳನ್ನೇ ಸೇರಿಸಿಕೊಂಡು, ತಮ್ಮ ಖರ್ಚಿನಲ್ಲಿ ಬೆಳೆಸಿ, ಹದಿನಾರು-ಹದಿನೇಳರ ವಯಸ್ಸಿನಲ್ಲೇ ದೊಡ್ಡವರೊಂದಿಗೆ ಆಡಿಸುತ್ತವೆ. ಲೂಕಾ ಡಾನ್ಚಿಚ್ ಹದಿಮೂರರಲ್ಲಿ ಸ್ಲೊವೇನಿಯಾ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದವನು. ಹೀಗೆ ತಯಾರಾಗಿ ಬಂದವನನ್ನು ಎನ್‌ಬಿಎ ತಂಡ ಡ್ರಾಫ್ಟಿನಲ್ಲಿ ಪಡೆದಾಗ ಮೂಲ ಕ್ಲಬ್ಬಿಗೆ ಕೊಡುವ ಪರಿಹಾರಕ್ಕೆ ಮಿತಿ ಇದೆ, ಉಳಿದದ್ದನ್ನು ಆಟಗಾರನೇ ತನ್ನ ಸಂಬಳದಿಂದ ತೀರಿಸಬೇಕು. ಯೊಕಿಚ್ 2014ರಲ್ಲಿ ಆಯ್ಕೆಯಾದದ್ದು 41ನೆಯವನಾಗಿ. ಅವನ ಹೆಸರು ಘೋಷಣೆಯಾದ ಹೊತ್ತಿಗೆ ಟಿವಿಯಲ್ಲಿ ಟ್ಯಾಕೊ ಬೆಲ್ ಜಾಹೀರಾತು ಓಡುತ್ತಿತ್ತು. ಸೊಂಬೊರ್ ಎಂಬ ಸಣ್ಣ ಊರಿನ ದಪ್ಪ ಹುಡುಗನ ಮೇಲೆ ಯಾರೂ ದೊಡ್ಡ ಮೊತ್ತ ಹೂಡಿರಲಿಲ್ಲ. ಬಹುಜನಾಂಗೀಯತೆ ಎಂದು ನಾವು ಕೊಂಡಾಡುವುದರಲ್ಲಿ ಒಂದು ಪಾಲು ಅಗ್ಗದಲ್ಲಿ ಪ್ರತಿಭೆ ಪಡೆಯುವ ವ್ಯವಹಾರ.

ಎಡಗೈ_ಶೂಟರ್:

ಪಾಸ್‌ಪೋರ್ಟಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನಿಜವಾದ ತಮಾಷೆ ಅಲ್ಲಿದೆ.

2007ರ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್ ಮ್ಯಾಡ್ರಿಡ್‌ನಲ್ಲಿ ನಡೆಯಿತು. ಆತಿಥೇಯ ಸ್ಪೇನ್ ಮುಂದಿತ್ತು. ಕೊನೆಯ ಕ್ಷಣಗಳಲ್ಲಿ ರಷ್ಯಾದ ಪರ ಚೆಂಡು ಹಿಡಿದು, ಎದುರಿನವನನ್ನು ತಪ್ಪಿಸಿ ಹಿಂದೆ ಸರಿದು ಎಸೆದವನು ಜೆ. ಆರ್. ಹೋಲ್ಡನ್. ಚೆಂಡು ರಿಮ್ಮಿಗೆ ಬಡಿದು, ಪುಟಿದು, ಒಳಗೆ ಬಿತ್ತು. ರಷ್ಯಾ 60-59ರಿಂದ ಚಾಂಪಿಯನ್. ಹೋಲ್ಡನ್ ಪಿಟ್ಸ್‌ಬರ್ಗಿನ ಕಪ್ಪುವರ್ಣೀಯ ಅಮೆರಿಕನ್. ಸಿಎಸ್‌ಕೆಎ ಮಾಸ್ಕೋ ಕ್ಲಬ್ಬಿಗೆ ಆಡುತ್ತಿದ್ದವನಿಗೆ ಅಧ್ಯಕ್ಷರ ಆದೇಶದ ಮೂಲಕ ಪೌರತ್ವ ಸಿಕ್ಕಿತ್ತು. 2011ರಲ್ಲಿ ಮ್ಯಾಸಿಡೋನಿಯಾ ಅದೇ ಟೂರ್ನಿಯಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದು ನ್ಯೂ ಆರ್ಲಿಯನ್ಸ್‌ನ ಬೋ ಮೆಕ್‌ಕ್ಯಾಲೆಬ್‌ನ ಬಲದಿಂದ. ಒಂದು ರಾಷ್ಟ್ರೀಯ ತಂಡಕ್ಕೆ ಇಂಥ ಒಬ್ಬನೇ ಆಟಗಾರ ಎಂದು ಫೀಬಾ ಮಿತಿ ಹಾಕಿದೆ, ಹದಿನಾರು ತುಂಬುವ ಮೊದಲು ಪಾಸ್‌ಪೋರ್ಟ್ ಪಡೆಯದವನನ್ನು ಈ ಗುಂಪಿಗೆ ಸೇರಿಸುತ್ತದೆ. ತಾಯಿಯ ಕಡೆಯಿಂದ ಫಿಲಿಪಿನೊ ಆಗಿರುವ ಜೋರ್ಡನ್ ಕ್ಲಾರ್ಕ್‌ಸನ್ 2023ರ ವಿಶ್ವಕಪ್ಪಿನಲ್ಲಿ, ಅದೂ ಮನಿಲಾದಲ್ಲೇ, ಹೊರಗಿನಿಂದ ಬಂದವನ ಜಾಗದಲ್ಲಿ ಆಡಬೇಕಾಯಿತು. ಅವನ ರಕ್ತ ಫಿಲಿಪೀನ್ಸಿನದು, ಕಾಗದ ತಡವಾಗಿ ಬಂದದ್ದು.

ಇದರ ಇನ್ನೊಂದು ಮುಖ ಕಹಿಯಾದದ್ದು. ಯಾನಿಸ್ ಅಥೆನ್ಸಿನಲ್ಲಿ 1994ರಲ್ಲಿ ನೈಜೀರಿಯಾದ ವಲಸಿಗರ ಮಗನಾಗಿ ಹುಟ್ಟಿದ. ಹದಿನೆಂಟು ವರ್ಷ ಅವನಿಗೆ ಗ್ರೀಕ್ ಪೌರತ್ವ ಇರಲಿಲ್ಲ, ನೈಜೀರಿಯಾದ ಕಾಗದವೂ ಇರಲಿಲ್ಲ. ಅಣ್ಣನೊಂದಿಗೆ ಬೀದಿಯಲ್ಲಿ ಗಡಿಯಾರ, ಕನ್ನಡಕ ಮಾರಿ, ಒಂದೇ ಜೊತೆ ಶೂಗಳನ್ನು ಇಬ್ಬರೂ ಹಂಚಿಕೊಂಡು ಆಡುತ್ತಿದ್ದ. 2013ರಲ್ಲಿ ಡ್ರಾಫ್ಟಿಗೆ ಹೋಗುವ ಹೊತ್ತಿಗೆ ಸರ್ಕಾರ ಪೌರತ್ವ ಕೊಟ್ಟಿತು, ಅದಕ್ಕೆ ಉಗ್ರ ಬಲಪಂಥೀಯ ಪಕ್ಷವೊಂದರ ನಾಯಕ ಅವನನ್ನು ಪ್ರಾಣಿಗೆ ಹೋಲಿಸಿ ಹೀಯಾಳಿಸಿದ. ಎನ್‌ಬಿಎ ಪಟ್ಟಿಯಲ್ಲಿ ಇಂದು ಅವನ ಹೆಸರಿನ ಮುಂದೆ ‘ಗ್ರೀಸ್’ ಎಂದಷ್ಟೇ ಇದೆ. ರುಯಿ ಹಾಚಿಮುರಾನದೂ ಇಂಥದ್ದೇ. ತಂದೆ ಬೆನಿನ್ ದೇಶದವರು, ತಾಯಿ ಜಪಾನಿ, ಊರು ತೊಯಾಮಾ. 2019ರಲ್ಲಿ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಆಯ್ಕೆಯಾದ ಮೊದಲ ಜಪಾನಿ. ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಧ್ವಜ ಹಿಡಿದವನು. ಅದೇ 2021ರಲ್ಲಿ ಅವನೂ ಅವನ ತಮ್ಮನೂ ತಮಗೆ ಬರುವ ಜನಾಂಗೀಯ ನಿಂದನೆಯ ಸಂದೇಶಗಳನ್ನು ಬಹಿರಂಗಪಡಿಸಿದರು. ಪಾಸ್‌ಪೋರ್ಟ್ ಲೆಕ್ಕದಲ್ಲಿ ಇವರಿಬ್ಬರೂ ಗ್ರೀಸ್ 1, ಜಪಾನ್ 1 ಎಂದು ಸೇರುತ್ತಾರೆ. ಆ ದೇಶಗಳು ತಮ್ಮೊಳಗಿನ ಭಿನ್ನ ಮೈಬಣ್ಣದವರನ್ನು ಹೇಗೆ ಕಂಡವು ಎಂಬುದು ಯಾವ ಕೋಷ್ಟಕದಲ್ಲೂ ಇಲ್ಲ.

ಮಂಡ್ಯ_ಪಾಯಿಂಟ್‌ಗಾರ್ಡ್:

ಎಲ್ಲ ಓದಿದೆ. ಆದರೂ ಒಂದು ಸರಳ ಪ್ರಶ್ನೆ ಉಳಿಯುತ್ತದೆ, ಕೇಳಿದರೆ ಯಾರೂ ಬೇಸರಿಸಬಾರದು. ಪಶ್ಚಿಮ ಆಫ್ರಿಕಾ ಮೂಲದವರ ಜಿಗಿತ, ಬಾಲ್ಕನ್ ನಾಡಿನವರ ಎತ್ತರ, ದಕ್ಷಿಣ ಸುಡಾನಿನ ಡಿಂಕಾ ಜನರ ಉದ್ದನೆಯ ಕೈಕಾಲು, ಇವುಗಳಿಗೆ ಯಾವ ಪಾತ್ರವೂ ಇಲ್ಲವೇ? ಏಳು ಅಡಿ ಏಳು ಅಂಗುಲದ ಮನುತೆ ಬೋಲ್ ನಿಯಮ ಸಡಿಲಗೊಂಡದ್ದರಿಂದ ಹುಟ್ಟಿದವನಲ್ಲವಲ್ಲ. ದೇಹದ ಮಾತು ಎತ್ತಿದ ಕೂಡಲೇ ಜನಾಂಗೀಯವಾದ ಎಂದು ಬಾಯಿ ಮುಚ್ಚಿಸುವುದು ಸರಿಯೆಂದು ನನಗನ್ನಿಸುವುದಿಲ್ಲ.

ಹಳೆಯಪುಟ:

ಎತ್ತರಕ್ಕೆ ಪಾತ್ರ ಇದೆ, ಖಂಡಿತ. ಆದರೆ ‘ಈ ಜನಾಂಗಕ್ಕೆ ಈ ಆಟ ಸಹಜ’ ಎಂಬ ಮಾತಿನ ವಂಶಾವಳಿಯನ್ನು ಒಮ್ಮೆ ನೋಡಿ. 1930ರ ದಶಕದಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರಬಲರಾಗಿದ್ದವರು ಯಹೂದಿಗಳು. ಫಿಲಡೆಲ್ಫಿಯಾದ ‘ಸ್ಫಾಸ್’ ತಂಡದ ಅಂಗಿಯ ಮೇಲೆ ಹೀಬ್ರೂ ಅಕ್ಷರಗಳಿದ್ದವು. ಆಗ ನ್ಯೂಯಾರ್ಕಿನ ಹೆಸರಾಂತ ಕ್ರೀಡಾ ಬರಹಗಾರರೊಬ್ಬರು, ಈ ಆಟಕ್ಕೆ ಬೇಕಾದ ಕುಟಿಲ ಚುರುಕುತನ ಯಹೂದಿಗಳಲ್ಲಿ ಹುಟ್ಟಿನಿಂದಲೇ ಇದೆ ಎಂಬರ್ಥದಲ್ಲಿ ಗಂಭೀರವಾಗಿ ಬರೆದಿದ್ದರು. ನಿಜವಾದ ಕಾರಣ ಮನೆಯ ಪಕ್ಕದಲ್ಲೇ ಇತ್ತು: ಇಕ್ಕಟ್ಟಾದ ವಠಾರಗಳು, ಮೈದಾನವಿಲ್ಲದ ಬೀದಿಗಳು, ವಲಸಿಗರ ಮಕ್ಕಳಿಗಾಗಿ ತೆರೆದ ಸಮುದಾಯ ಭವನಗಳ ಸಣ್ಣ ಅಂಗಳಗಳು. ಯುದ್ಧದ ನಂತರ ಆ ಕುಟುಂಬಗಳು ಉಪನಗರಗಳಿಗೆ ಹೋದವು, ಅದೇ ವಠಾರಗಳಿಗೆ ದಕ್ಷಿಣದಿಂದ ಬಂದ ಕಪ್ಪುವರ್ಣೀಯರು ಸೇರಿದರು. ಅಂಗಳ ಅಲ್ಲೇ ಇತ್ತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ‘ಹುಟ್ಟುಗುಣ’ವೂ ಮನೆ ಬದಲಿಸಿತು!

ಅಂಗಳದಾಚೆ:

ಮಂಡ್ಯದವರ ಪ್ರಶ್ನೆಯನ್ನು ಅಷ್ಟಕ್ಕೇ ಬಿಡುವುದು ಬೇಡ, ಅದಕ್ಕೆ ಆಫ್ರಿಕಾದಿಂದಲೇ ಉತ್ತರ ಹುಡುಕಬಹುದು.

ಹಕೀಮ್ ಒಲಾಜುವಾನ್ ಲಾಗೋಸಿನಲ್ಲಿ ಬೆಳೆಯುವಾಗ ಫುಟ್‌ಬಾಲ್ ಗೋಲ್‌ಕೀಪರ್, ಹ್ಯಾಂಡ್‌ಬಾಲ್ ಆಟಗಾರ. ಬ್ಯಾಸ್ಕೆಟ್‌ಬಾಲ್ ಕೈಗೆತ್ತಿಕೊಂಡದ್ದು ಹದಿಹರೆಯದ ಕೊನೆಗೆ. ಕಾಲ್ಚಳಕಕ್ಕೆ ಅವನು ಹೆಸರಾದದ್ದರ ಹಿಂದೆ ಆ ಎರಡು ಆಟಗಳಿವೆ ಎಂದು ಅವನೇ ಹೇಳಿದ್ದಾನೆ. 1984ರಲ್ಲಿ, ಮೈಕೆಲ್ ಜೋರ್ಡನ್ ಮೂರನೆಯವನಾಗಿ ಆಯ್ಕೆಯಾದ ಡ್ರಾಫ್ಟಿನಲ್ಲಿ, ಮೊದಲನೆಯವನು ಅವನು. ಕಾಂಗೋದ ಡಿಕೆಂಬೆ ಮುಟೊಂಬೊ ವೈದ್ಯನಾಗಲು ವಿದ್ಯಾರ್ಥಿವೇತನ ಪಡೆದು ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಬಂದವನು. ಎತ್ತರ ನೋಡಿ ತಂಡಕ್ಕೆ ಕರೆದರು. ಎಂಬೀಡ್ ಯೌಂಡೆಯಲ್ಲಿ ವಾಲಿಬಾಲ್ ಆಡುತ್ತಿದ್ದ. 2011ರಲ್ಲಿ ಎನ್‌ಬಿಎ ಆಟಗಾರ ಲುಕ್ ಎಂಬಾ ಅ ಮುಟೆ ತನ್ನ ತಾಯ್ನಾಡು ಕ್ಯಾಮರೂನಿನಲ್ಲಿ ನಡೆಸಿದ ಶಿಬಿರ ಅವನನ್ನು ಅಮೆರಿಕದ ಹೈಸ್ಕೂಲಿಗೆ ತಲುಪಿಸಿತು. ಹನ್ನೆರಡು ವರ್ಷಗಳ ನಂತರ ಅವನು ಅತ್ಯಮೂಲ್ಯ ಆಟಗಾರ. ದೇಹ ಎಲ್ಲರಿಗೂ ಇತ್ತು, ಒಪ್ಪೋಣ. ಆದರೆ ಅವರ ಊರಿನಲ್ಲಿ ಅಷ್ಟೇ ಎತ್ತರದ ಎಷ್ಟು ಮಂದಿ ಶಿಬಿರವಿಲ್ಲದ ಕಾರಣಕ್ಕೆ ಬೇರೆ ದಾರಿ ಹಿಡಿದರು ಎಂದು ಯಾರೂ ಎಣಿಸುವುದಿಲ್ಲ. ಗೆದ್ದವರನ್ನು ಮಾತ್ರ ನೋಡಿ ಜನಾಂಗದ ಗುಣ ಹೇಳುವುದರ ದೋಷ ಇದು.

ದಕ್ಷಿಣ ಸುಡಾನ್ ಇದಕ್ಕೆ ಅತ್ಯುತ್ತಮ ನಿದರ್ಶನ. ಡಿಂಕಾ ಜನ ಶತಮಾನಗಳಿಂದ ಎತ್ತರದವರೇ. ಆದರೂ ಆ ದೇಶದ ತಂಡ ಜಗತ್ತಿಗೆ ಕಾಣಿಸಿದ್ದು, ಯುದ್ಧದಿಂದ ಓಡಿಹೋದವರ ಮಕ್ಕಳು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬೆಳೆದು ಅಲ್ಲಿನ ಶಾಲೆಗಳಲ್ಲಿ ಆಟ ಕಲಿತ ಮೇಲೆ. ತಾನೂ ನಿರಾಶ್ರಿತನಾಗಿ ಈಜಿಪ್ಟ್ ಮತ್ತು ಇಂಗ್ಲೆಂಡಿನಲ್ಲಿ ಬೆಳೆದು ಎನ್‌ಬಿಎ ತಲುಪಿದ ಲುವಾಲ್ ಡೆಂಗ್, ಒಕ್ಕೂಟದ ಅಧ್ಯಕ್ಷನಾಗಿ ಅವರನ್ನು ಒಟ್ಟುಗೂಡಿಸಿದ. 2011ರಲ್ಲಷ್ಟೇ ಸ್ವತಂತ್ರವಾದ ದೇಶ 2024ರ ಜುಲೈನಲ್ಲಿ ಲಂಡನ್ನಿನ ಅಭ್ಯಾಸ ಪಂದ್ಯದಲ್ಲಿ ಅಮೆರಿಕಕ್ಕೆ ಒಂದೇ ಅಂಕದಿಂದ, 101-100ರಿಂದ, ಸೋತಿತು. ಕೆಲವೇ ದಿನಗಳ ನಂತರ ಒಲಿಂಪಿಕ್ಸ್‌ನಲ್ಲಿ ಪೋರ್ಟೊ ರಿಕೊ ವಿರುದ್ಧ ಕಣಕ್ಕಿಳಿದಾಗ ಸಂಘಟಕರು ತಪ್ಪು ರಾಷ್ಟ್ರಗೀತೆ ನುಡಿಸಿದರು. ಆಟಗಾರರು ಎದೆಯ ಮೇಲೆ ಕೈಯಿಟ್ಟು ಸರಿಯಾದದ್ದು ಬರುವವರೆಗೆ ನಿಂತು, ಆಮೇಲೆ ಪಂದ್ಯ ಗೆದ್ದರು.

ಟೊರಾಂಟೊ_ನಿವಾಸಿ:

ತಡವಾಗಿ ಸೇರುತ್ತಿದ್ದೇನೆ. ವಿದೇಶಿಯರ ಪಟ್ಟಿಯಲ್ಲಿ ವರ್ಷ ವರ್ಷವೂ ಮೊದಲ ಸ್ಥಾನ ನಾನಿರುವ ಕೆನಡಾದ್ದು, ಈಗ ಇಪ್ಪತ್ತರ ಆಸುಪಾಸು. ಇದರ ಒಳಗೆ ಇಣುಕಿದರೆ ಅಂಗಳದಾಚೆಯವರ ಮಾತಿಗೆ ಇನ್ನೊಂದು ಪುರಾವೆ ಸಿಗುತ್ತದೆ.

1995ರಲ್ಲಿ ಟೊರಾಂಟೊ ರಾಪ್ಟರ್ಸ್ ಮತ್ತು ವ್ಯಾಂಕೂವರ್ ಗ್ರಿಜ್ಲೀಸ್ ಶುರುವಾದವು. ರಾಪ್ಟರ್ಸ್ ತಾರೆ ವಿನ್ಸ್ ಕಾರ್ಟರ್ ಇಲ್ಲಿ ಹಾರಾಡುತ್ತಿದ್ದ ಕಾಲದಲ್ಲಿ ಶಾಲೆಯಲ್ಲಿದ್ದ ಮಕ್ಕಳೇ ನಂತರ ಡ್ರಾಫ್ಟಿಗೆ ಬಂದವರು: 2013ರಲ್ಲಿ ಆಂಥನಿ ಬೆನೆಟ್, 2014ರಲ್ಲಿ ಆಂಡ್ರ್ಯೂ ವಿಗಿನ್ಸ್, ಸತತ ಎರಡು ವರ್ಷ ಮೊದಲ ಆಯ್ಕೆ ಕೆನಡಿಯನ್ನರು. ಇವರಲ್ಲಿ ಬಹುಪಾಲು ಯಾರು? ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಬಂದು ಟೊರಾಂಟೊ, ಬ್ರಾಂಪ್ಟನ್, ಹ್ಯಾಮಿಲ್ಟನ್‌ಗಳಲ್ಲಿ ನೆಲೆಸಿದವರ ಮಕ್ಕಳು. ಶೇ ಗಿಲ್ಜಸ್-ಅಲೆಕ್ಸಾಂಡರ್‌ನ ತಾಯಿ 1992ರ ಒಲಿಂಪಿಕ್ಸ್‌ನಲ್ಲಿ ಆಂಟಿಗುವಾ ಮತ್ತು ಬಾರ್ಬುಡಾ ಪರ 400 ಮೀಟರ್ ಓಡಿದವರು. ಹಾಕಿ ಕಿಟ್‌ಗೆ, ಐಸ್ ರಿಂಕಿನ ಶುಲ್ಕಕ್ಕೆ ಸಾವಿರಾರು ಡಾಲರ್ ಬೇಕಾದ ದೇಶದಲ್ಲಿ, ಸಮುದಾಯ ಭವನದ ಅಂಗಳದಲ್ಲಿ ಒಂದು ಚೆಂಡಿನಿಂದ ಆಡಬಹುದಾದ ಆಟ ವಲಸಿಗರ ಪಾಲಾದದ್ದು ಆಶ್ಚರ್ಯವಲ್ಲ. ಹಳೆಯಪುಟದವರು ನ್ಯೂಯಾರ್ಕಿನ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ.

ಭಾರತೀಯ ಮೂಲದ ಮೊದಲ ಎನ್‌ಬಿಎ ಆಟಗಾರ ಸಿಮ್ ಭುಲ್ಲರ್ ಬಂದದ್ದೂ ಇದೇ ಟೊರಾಂಟೊ ಸೀಮೆಯಿಂದ. ಪಂಜಾಬಿ ದಂಪತಿಯ ಮಗ, ಏಳು ಅಡಿ ಐದು ಅಂಗುಲ. 2015ರ ಏಪ್ರಿಲಿನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಅವನಿಗೆ ಹತ್ತು ದಿನಗಳ ಒಪ್ಪಂದ ಕೊಟ್ಟಿತು. ಆ ತಂಡದ ಮಾಲೀಕರು ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಎಂಬುದು ಕಾಕತಾಳೀಯವಲ್ಲ. ಮಿಸಾಕಾನಂತೆ ಇವನೂ ಆಡಿದ್ದು ಮೂರು ಪಂದ್ಯ, ಅವೂ ಕೆಲವೇ ನಿಮಿಷ. ಅವನು ಅಂಗಳಕ್ಕಿಳಿದಾಗ ಇಲ್ಲಿನ ದಕ್ಷಿಣ ಏಷ್ಯಾದ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬವೇ ನಡೆಯಿತು, ಕನ್ನಡದ ಗುಂಪುಗಳೂ ಸೇರಿದಂತೆ.

ಇನ್ನು ಏಷ್ಯಾ ಮೂಲದ ಅಮೆರಿಕನ್ನರ ಬಗ್ಗೆ ಒಂದು ಮಾತು. ಹಾರ್ವರ್ಡಿನಲ್ಲಿ ಓದಿದ ಜೆರೆಮಿ ಲಿನ್‌ನನ್ನು ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ. 2012ರ ಫೆಬ್ರವರಿಯಲ್ಲಿ ನಿಕ್ಸ್‌ಗೆ ಗಾಯಾಳುಗಳಿಂದಾಗಿ ಗಾರ್ಡುಗಳೇ ಉಳಿಯದೆ ಹೋದಾಗ ಅವಕಾಶ ಸಿಕ್ಕಿ, ಲೇಕರ್ಸ್ ವಿರುದ್ಧ 38 ಅಂಕ ಗಳಿಸಿದ. ಆ ವಾರಗಳಲ್ಲಿ ಒಂದು ದೊಡ್ಡ ಕ್ರೀಡಾ ಜಾಲತಾಣ ಅವನ ಜನಾಂಗವನ್ನು ಅಣಕಿಸುವ ತಲೆಬರಹ ಹಾಕಿ ಕ್ಷಮೆ ಕೇಳಬೇಕಾಯಿತು. ಏಷ್ಯಾದ ಗಾರ್ಡ್ ಈ ಮಟ್ಟಕ್ಕೆ ಸಾಲದು ಎಂಬ ಪೂರ್ವಗ್ರಹ ಆಯ್ಕೆಗಾರರ ಕಣ್ಣಿನಲ್ಲೇ ಇತ್ತು, ಅಳತೆಪಟ್ಟಿಯಲ್ಲಲ್ಲ.

ಮಂಡ್ಯ_ಪಾಯಿಂಟ್‌ಗಾರ್ಡ್:

ಆಫ್ರಿಕಾದ ಉತ್ತರ ಮನಸ್ಸಿಗೆ ಹಿಡಿಸಿತು. ಆದರೂ ಏಳು ಅಡಿಯ ದೇಹಕ್ಕೆ ಇರುವ ಅನುಕೂಲವನ್ನು ನೀವೆಲ್ಲ ಸ್ವಲ್ಪ ಹಗುರವಾಗಿಯೇ ತೂಗುತ್ತಿದ್ದೀರಿ. ಅದಿರಲಿ, ಭಾರತದ ವಿಷಯಕ್ಕೆ ಬರುತ್ತೇನೆ, ಏಕೆಂದರೆ 43 ದೇಶಗಳ ಆ ಪಟ್ಟಿಯಲ್ಲಿ 140 ಕೋಟಿ ಜನರ ದೇಶ ಇಲ್ಲ.

ನಮ್ಮಲ್ಲಿ ಆಟ ಇಲ್ಲವೆಂದಲ್ಲ. ಮಂಡ್ಯ, ಮೈಸೂರು, ಬೆಂಗಳೂರುಗಳಲ್ಲಿ ಸಂಜೆಯ ಹೊತ್ತು ಸಿಮೆಂಟ್ ಅಂಗಳಗಳು ತುಂಬಿರುತ್ತವೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್‌ನಲ್ಲಿ ಭಾರತ ಕಜಕಸ್ತಾನವನ್ನು ಸೋಲಿಸಿ ಬಿ ವಿಭಾಗವನ್ನು ಗೆದ್ದು ಮೇಲಿನ ವಿಭಾಗಕ್ಕೇರಿತು. ಇಲ್ಲದ್ದು ಆಟದಿಂದ ಬದುಕುವ ದಾರಿ. ದಶಕಗಳ ಕಾಲ ನಮ್ಮ ಆಟಗಾರನ ಗುರಿ ರೈಲ್ವೆ, ಸೇನೆ, ಒಎನ್‌ಜಿಸಿ ಅಥವಾ ಬ್ಯಾಂಕಿನ ಕ್ರೀಡಾ ಕೋಟಾದ ನೌಕರಿ. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡ ಅದಕ್ಕೆ ಹೆಸರಾಗಿತ್ತು. 2019ರಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನೌಕರಿ ಸಿಕ್ಕಿದ ಮೇಲೆ ಇಪ್ಪತ್ತೆರಡರ ಹುಡುಗ ಇನ್ನೂ ಚೆನ್ನಾಗಿ ಎಡಗೈ ಡ್ರಿಬಲ್ ಕಲಿಯಬೇಕೆಂದು ಬೆಳಗಿನ ಐದಕ್ಕೆ ಏಳುವುದಾದರೂ ಯಾತಕ್ಕೆ?

ಸತ್ನಾಮ್ ಸಿಂಗ್‌ನನ್ನು ನೋಡಿ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿ, ಏಳು ಅಡಿ ಎರಡು ಅಂಗುಲ. ಲುಧಿಯಾನದ ಅಕಾಡೆಮಿಯಿಂದ 2010ರಲ್ಲಿ ಫ್ಲಾರಿಡಾಕ್ಕೆ ಹೋಗಿ, 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಎನ್‌ಬಿಎ ಪಂದ್ಯ ಆಡಲಿಲ್ಲ, ಮುಂದೆ ವೃತ್ತಿಪರ ಕುಸ್ತಿಗೆ ಹೋದ. ಬಲ್ಲೋ ಕೆಯಲ್ಲಿ ಅವನಿಗೆ ಎತ್ತರ ಇತ್ತು, ಡಾನ್ಚಿಚ್‌ಗೆ ಹದಿಮೂರರಲ್ಲಿ ಸಿಕ್ಕಿದ ಕ್ಲಬ್ಬು ಇರಲಿಲ್ಲ. ಎನ್‌ಬಿಎ 2017ರಲ್ಲಿ ದಿಲ್ಲಿಯ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿ ಅಕಾಡೆಮಿ ತೆರೆಯಿತು, ಅಲ್ಲಿಂದ ಬಂದ ಪ್ರಿನ್ಸ್‌ಪಾಲ್ ಸಿಂಗ್ 2021ರಲ್ಲಿ ಸಮ್ಮರ್ ಲೀಗ್ (ಹೊಸಬರಿಗಾಗಿ ಬೇಸಿಗೆಯಲ್ಲಿ ನಡೆಯುವ ಎನ್‌ಬಿಎ ಟೂರ್ನಿ) ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿದ್ದ. ಆಚೆ, ಕೆನಡಾ ಅಮೆರಿಕಗಳಲ್ಲಿ ಬೆಳೆದ ಭಾರತೀಯ ಮೂಲದವರನ್ನು ಕರೆಯೋಣವೆಂದರೆ, ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶದ ತಂಡದಲ್ಲಿ ಆಡುವಂತಿಲ್ಲ ಎಂದು 2008ರಿಂದ ಸರ್ಕಾರದ ನಿಲುವಿದೆ. ದಕ್ಷಿಣ ಸುಡಾನ್ ಮಾಡಿದ್ದನ್ನು ನಾವು ಮಾಡಲು ಬಯಸಿದರೂ ಸಾಧ್ಯವಿಲ್ಲ.

ಲೆಕ್ಕಿಗ:

ಅಕಾಡೆಮಿಯ ಹಿಂದೆಯೂ ಮಾರುಕಟ್ಟೆ ಇದೆ ಎಂದು ಸೇರಿಸಲೇ? 2002ರಲ್ಲಿ ಯಾವೊ ಮಿಂಗ್ ಮೊದಲ ಆಯ್ಕೆಯಾದ ಮೇಲೆ ಚೀನಾ ಎನ್‌ಬಿಎಯ ಅತಿದೊಡ್ಡ ವಿದೇಶಿ ಮಾರುಕಟ್ಟೆಯಾಯಿತು. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈಯಲ್ಲಿ ಕಿಂಗ್ಸ್ ಮತ್ತು ಪೇಸರ್ಸ್ ಭಾರತದ ನೆಲದ ಮೊದಲ ಎನ್‌ಬಿಎ ಪಂದ್ಯಗಳನ್ನು ಆಡಿದವು. ಅದರ ಮೊದಲ ದಿನವೇ ಹ್ಯೂಸ್ಟನ್ ತಂಡದ ವ್ಯವಸ್ಥಾಪಕ ಡ್ಯಾರಿಲ್ ಮೋರಿ ಹಾಂಗ್‌ಕಾಂಗ್ ಪ್ರತಿಭಟನಕಾರರ ಪರ ಒಂದು ಟ್ವೀಟ್ ಹಾಕಿದರು, ಚೀನಾದ ಸರ್ಕಾರಿ ಟಿವಿ ಪ್ರಸಾರ ನಿಲ್ಲಿಸಿತು. ಒಂದು ಬಾಗಿಲು ತೆರೆಯುವ ದಿನವೇ ಇನ್ನೊಂದು ಮುಚ್ಚಿತು. ಲೀಗು ಚೀನಾದ ಕಡೆಗೆ ಪಂದ್ಯಗಳನ್ನು ಮತ್ತೆ ಕೊಂಡೊಯ್ದದ್ದು 2025ರ ಅಕ್ಟೋಬರಿನಲ್ಲಿ, ಮಕಾವುಗೆ. ಮುಂಬೈಗೆ ಎರಡನೆಯ ಸಲ ಬಂದಿಲ್ಲ. ನಮ್ಮಲ್ಲಿ ಯಾವೊ ಇಲ್ಲ.

ಎಡಗೈ_ಶೂಟರ್:

ಆಟಗಾರರ ಬಗ್ಗೆ ಇಷ್ಟು ಮಾತಾಡಿ ತರಬೇತುದಾರರನ್ನು ಬಿಟ್ಟಿದ್ದೇವೆ. ಬಿಲ್ ರಸೆಲ್ 1966ರಲ್ಲಿ ಮೊದಲ ಕಪ್ಪುವರ್ಣೀಯ ಮುಖ್ಯ ಕೋಚ್ ಆದರು. ಫಿಲಿಪಿನೊ ತಾಯಿಯ ಮಗ ಎರಿಕ್ ಸ್ಪೋಲ್‌ಸ್ಟ್ರಾ ಮಯಾಮಿಗೆ 2012, 2013ರಲ್ಲಿ ಪ್ರಶಸ್ತಿ ತಂದಿತ್ತರು. ಅವರ ವೃತ್ತಿ ಶುರುವಾದದ್ದು ಅದೇ ತಂಡದ ವಿಡಿಯೊ ಕೋಣೆಯಲ್ಲಿ. ಟೊರಾಂಟೊದಲ್ಲಿ ಸರ್ಬಿಯಾದ ಡಾರ್ಕೊ ರಾಯಕೊವಿಚ್ ಇದ್ದಾರೆ. ಆದರೂ ಆಟಗಾರರಲ್ಲಿ ಕಾಣುವ ಪ್ರಮಾಣ ಮಾಲೀಕರ ಸಾಲಿನಲ್ಲಿ ಕಾಣುವುದಿಲ್ಲ, ಅಲ್ಲಿ ಬಿಳಿಯರೇ ಬಹುಸಂಖ್ಯಾತರು. ಬಾಗಿಲ ಕೀಲಿ ಯಾರ ಬಳಿ ಇದೆ ಎಂಬುದನ್ನೂ ಇದೇ ಲೆಕ್ಕದೊಳಗೆ ತರಬೇಕು.

ಟೊರಾಂಟೊ_ನಿವಾಸಿ:

ಭುಲ್ಲರ್ ಮುಂದೇನಾದ ಎಂದು ಇಬ್ಬರು ಖಾಸಗಿಯಾಗಿ ಕೇಳಿದ್ದರಿಂದ ಇಲ್ಲೇ ಬರೆಯುತ್ತೇನೆ. ಎನ್‌ಬಿಎಯಲ್ಲಿ ಮತ್ತೆ ಅವಕಾಶ ಸಿಗದೆ ಅವನು ತೈವಾನಿಗೆ ಹೋಗಿ, ಡಾಸಿನ್ ಟೈಗರ್ಸ್ ತಂಡ ಸೇರಿದ. ಅಲ್ಲಿನ ಲೀಗಿನಲ್ಲಿ ಪ್ರತಿ ತಂಡಕ್ಕೂ ವಿದೇಶಿಯರ ಮಿತಿ ಇದೆ, ಆ ಮಿತಿಯೊಳಗಿನ ಜಾಗದಲ್ಲಿ ಅವನು ವರ್ಷಗಟ್ಟಲೆ ಆಡಿದ, ರಿಬೌಂಡುಗಳ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ರಾಶಿ ಹಾಕಿದ. ತಂದೆತಾಯಿ ಪಂಜಾಬಿನವರು, ಹೆಸರು ಮಾಡಿದ್ದು ಅಮೆರಿಕದಲ್ಲಿ, ಹೊಟ್ಟೆ ಹೊರೆದದ್ದು ತೈವಾನಿನಲ್ಲಿ, ಮತ್ತು ಎಲ್ಲ ತಂಡಪಟ್ಟಿಗಳಲ್ಲೂ ಅವನ ಹೆಸರಿನ ಮುಂದೆ ಇದ್ದದ್ದು ಕೆನಡಾ.